ಇಲ್ಲದೆ ಬದುಕಬಹುದಾದ ವಸ್ತುಗಳು

ವಿದ್ಯುತ್ ಮೀಟರುಗಳನ್ನು ಪರೀಕ್ಷೆ ಮಾಡುವ ಕಚೇರಿಯ ಹೆಡ್ ಕ್ಲರ್ಕಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಆದರೆ ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು. ಉಳಿದ ಕಡೆಯೆಲ್ಲ ಅವರು ‘ಸುತ್ತೋಲೆಯವರು’. ಕಚೇರಿಯ ನಲ್ಲಿ ಸೋರಿದರೆ ಬೇರೆಯವರು ನಲ್ಲಿ ರಿಪೇರಿಯವನನ್ನು ಕರೆಯುತ್ತಾರೆ, ಇವರು ಸುತ್ತೋಲೆ ಹೊರಡಿಸುತ್ತಾರೆ. ಒಂದು ಸಲ ಕಡತಗಳ ಕೋಣೆಯಲ್ಲಿ ಬೆಕ್ಕು ಮರಿ ಹಾಕಿತು. ‘ಪೂರ್ವಾನುಮತಿ ಇಲ್ಲದೆ ಕಚೇರಿಯ ಆವರಣದಲ್ಲಿ ಹೆರಿಗೆ ಮಾಡಿಕೊಳ್ಳುವುದನ್ನು ನಿಷೇಧಿಸಲಾಗಿದೆ’ ಎಂದು ಇವರು ಬರೆದ ಸುತ್ತೋಲೆಗೆ ನಿವೃತ್ತಿಯ ಅಂಚಿನಲ್ಲಿದ್ದ ಗಂಡಸರೂ ಸೇರಿ ಹದಿನಾಲ್ಕು ಮಂದಿ ‘ಓದಿ ತಿಳಿದುಕೊಂಡೆನು’ ಎಂದು ಸಹಿ ಹಾಕಿದರು. ಬೆಕ್ಕು ಮಾತ್ರ ಹಾಕಲಿಲ್ಲ.

ಇಂಥವರ ನಾಲ್ಕು ವರ್ಷದ ಮಗ ಒಂದು ಭಾನುವಾರ ಆಟದ ಸಾಮಾನಿನ ಅಂಗಡಿಯ ನಟ್ಟನಡುವೆ ಅಂಗಾತ ಮಲಗಿ, ಕಾಲು ಬಡಿಯುತ್ತ, “ಹೆಲಿಕಾಪ್ಟರ್ ಬೇಕೂ!” ಎಂದು ಬೀದಿಗೆಲ್ಲ ಕೇಳುವಂತೆ ಅರಚುತ್ತಿದ್ದ. ಅಂಗಡಿಯವನು ಅನುಭವಸ್ಥ. ಹುಡುಗನ ಗಂಟಲಿಗೆ ನೆರವಾಗಲೆಂದು ಇನ್ನೊಂದು ಹೆಲಿಕಾಪ್ಟರನ್ನು, ದೀಪ ಮಿನುಗುವಂಥದ್ದನ್ನು, ಅವನ ಮುಖದ ಮೇಲೆಯೇ ಹಾರಿಸಿ ತೋರಿಸಿದ. ಸುತ್ತೋಲೆಯವರು ಮಗನ ಒಂದು ಕಾಲು ಹಿಡಿದು ಬಾಗಿಲ ಕಡೆಗೆ ಎಳೆಯುತ್ತಿರುವಾಗಲೇ ಎದುರಿಗೆ ನಾಲ್ಕು ಚಪ್ಪಲಿಗಳು ಬಂದು ನಿಂತವು. ಕತ್ತೆತ್ತಿ ನೋಡಿದರೆ ಸಾಹೇಬರು! ಪಕ್ಕದಲ್ಲಿ ಅವರ ಪತ್ನಿ!

ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಕುರ್ಚಿ ಮೂರು ತಿಂಗಳಿಂದ ಖಾಲಿ. ಸುತ್ತೋಲೆಯವರ ಬಡ್ತಿಯ ಕಡತ ಸಾಹೇಬರ ಮೇಜಿನ ಮೇಲೆ ಸಹಿಗಾಗಿ ಬಾಯಿ ಬಿಟ್ಟುಕೊಂಡು ಕೂತಿತ್ತು. ಹಾಗಾಗಿ ಕೈಯಲ್ಲಿದ್ದ ಮಗನ ಕಾಲು ತಾನಾಗಿಯೇ ಜಾರಿತು.

“ಮಕ್ಕಳಿಗೆ ಆಸೆ ಯಾವುದು, ಅಗತ್ಯ ಯಾವುದು ಅಂತ ಚಿಕ್ಕಂದಿನಲ್ಲೇ ಹೇಳಿಕೊಡಬೇಕು ನೋಡಿ,” ಎಂದರು ಸಾಹೇಬರ ಪತ್ನಿ, ನೆಲದ ಮೇಲಿದ್ದ ಪುಣ್ಯಾತ್ಮನನ್ನು ದಾಟುತ್ತ.

ಅಲ್ಲಿ ‘ಹೌದು ಮೇಡಂ’ ಎಂದು ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸುತ್ತೋಲೆಯವರು ಎದೆಯುಬ್ಬಿಸಿದರು. “ಹೇಳಿಕೊಡ್ತಾನೇ ಇದೀನಿ ಮೇಡಂ! ಮನೇಲಿ ಅದಕ್ಕೇ ಅಂತ ಒಂದು ಪದ್ಧತಿ ಮಾಡಿಟ್ಟಿದೀನಿ. ಇವನು ಈಗ... ಮೊದಲನೇ ಹಂತದಲ್ಲಿದಾನೆ.”

ಮೊದಲನೇ ಹಂತದವನು ಆಗ ಮಗ್ಗುಲು ಬದಲಿಸಿ ಗೋಡೆಗೆ ಒದೆಯತೊಡಗಿದ್ದ.

“ಹೌದೇನ್ರೀ? ನಮ್ಮ ಮೊಮ್ಮಕ್ಕಳಿಗೂ ಇಂಥದ್ದೇ ಏನಾದ್ರೂ ಬೇಕಿತ್ತು,” ಎಂದರು ಸಾಹೇಬರು. “ಬರೋ ಭಾನುವಾರ ನಿಮ್ಮನೆಗೆ ಬಂದು ನೋಡೇಬಿಡ್ತೀವಿ.”

ಹೀಗಾಗಿ ಇಲ್ಲದ ಪದ್ಧತಿಯೊಂದನ್ನು ಏಳು ದಿನದೊಳಗೆ ಇರುವಂತೆ ಮಾಡುವ ಹೊಣೆ ಸುತ್ತೋಲೆಯವರ ತಲೆಗೆ ಬಿತ್ತು. ಸೋಮವಾರ ಸಂಜೆ ಮನೆಗೆ ಬರುವಾಗ ಅವರ ಚೀಲದಲ್ಲಿ ಅಂಟುಚೀಟಿಗಳ ಎರಡು ಸುರುಳಿಗಳಿದ್ದವು. ಪರೀಕ್ಷೆಯಲ್ಲಿ ಪಾಸಾದ ಮೀಟರಿಗೆ ಕಚೇರಿಯಲ್ಲಿ ಹಸಿರು ಚೀಟಿ ಅಂಟಿಸುತ್ತಾರೆ, ಫೇಲಾದದ್ದಕ್ಕೆ ಕೆಂಪು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಸುತ್ತೋಲೆ ಸಿದ್ಧವಾಯಿತು. ಏಳು ವರ್ಷದ ಮಗಳನ್ನೂ ಮಗನನ್ನೂ ಸಾಲಾಗಿ ನಿಲ್ಲಿಸಿ ಗಟ್ಟಿಯಾಗಿ ಓದಿದರು. ಹೆಂಡತಿ ಗೋಡೆಯ ಪಕ್ಕ ಸ್ಟೂಲಿನ ಮೇಲೆ ಕೂತು ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದಳು. ಅದೇ ಅವಳ ಉದ್ಯೋಗ. ಓದುತ್ತಿರುವಷ್ಟು ಹೊತ್ತೂ ಹೊಲಿಗೆಯಂತ್ರ ನಿಲ್ಲಲಿಲ್ಲ.

“ನೀರು ಬೇಕು ಅಂತೀವಿ. ಹೆಲಿಕಾಪ್ಟರೂ ಬೇಕು ಅಂತೀವಿ. ಎರಡೂ ಒಂದೇನಾ?” ಎಂದು ಕೇಳಿದರು ಸುತ್ತೋಲೆಯವರು.

“ಹೂಂ. ಎರಡೂ ಬೇಕು,” ಎಂದ ಮಗ.

“ಅಲ್ಲ ಕಣೋ! ಅದಿಲ್ಲದೆ ಬದುಕೋಕೆ ಆಗಲ್ಲ ಅಂದ್ರೆ ಅದು ಅಗತ್ಯ, ಹಸಿರು ಚೀಟಿ. ಇಲ್ಲದಿದ್ರೂ ಬದುಕಬಹುದು ಅಂದ್ರೆ ಬರೀ ಆಸೆ, ಕೆಂಪು ಚೀಟಿ. ಗೊತ್ತಾಯ್ತಾ?”

“ಅಕ್ಕ ಇಲ್ಲದಿದ್ರೂ ನಾನು ಬದುಕ್ತೀನಿ,” ಎಂದು ಮಗ ಕೆಂಪು ಸುರುಳಿಗೆ ಕೈ ಹಾಕಿದ.

“ಮನುಷ್ಯರಿಗಲ್ಲ! ಸಾಮಾನಿಗೆ ಮಾತ್ರ!” ಎಂದರು ಸುತ್ತೋಲೆಯವರು. ಆದರೆ ಈ ಮಾತನ್ನು ಸುತ್ತೋಲೆಯಲ್ಲಿ ಸೇರಿಸಲು ಮರೆತರು. ಇಪ್ಪತ್ತು ವರ್ಷಗಳ ಸೇವೆಯಲ್ಲಿ ಅವರು ಮಾಡಿದ ಒಂದೇ ಒಂದು ಕರಡು ದೋಷ ಅದು. ಅದರಲ್ಲಿದ್ದ ಕಲಂಗಳು ಮಾತ್ರ ಬಲು ಬಿಗಿಯಾಗಿದ್ದವು. ಕಲಂ ನಾಲ್ಕು: ‘ಒಮ್ಮೆ ಅಂಟಿಸಿದ ಚೀಟಿಯನ್ನು ಯಾರೂ ಕೀಳತಕ್ಕದ್ದಲ್ಲ.’ ಕಲಂ ಐದು: ‘ಕೆಂಪು ಚೀಟಿಯುಳ್ಳವುಗಳನ್ನು ಒಂದು ವಾರ ಮನೆಯ ಆಚೆ ಇರಿಸಿ, ಅವುಗಳಿಲ್ಲದೆ ಕುಟುಂಬವು ಜೀವಂತವಾಗಿರುವುದೇ ಎಂಬುದನ್ನು ಪರಿಶೀಲಿಸತಕ್ಕದ್ದು.’

ಮಕ್ಕಳು ಸುರುಳಿ ಹಿಡಿದು ಹೊರಟರು. ಅಡುಗೆಮನೆಯಿಂದ ಶುರು. ಒಲೆ ಹಸಿರು, ಬಕೆಟ್ಟು ಹಸಿರು, ಪೊರಕೆ ಹಸಿರು. ಹೊಲಿಗೆಯಂತ್ರಕ್ಕೆ ಹಸಿರು, ಅದು ನಡೆಯುತ್ತಿರುವಾಗಲೇ. ಸುತ್ತೋಲೆಯವರು ಕೈಕಟ್ಟಿಕೊಂಡು ಹಿಂದೆ ಹಿಂದೆ ನಡೆದರು, ತಾವೇ ಮೊಟ್ಟೆಯಿಟ್ಟವರ ಹಾಗೆ ಬೀಗುತ್ತ. ಆಮೇಲೆ ಮಕ್ಕಳು ನಡುಮನೆಗೆ ಬಂದರು.

ನಡುಮನೆಯ ಅರ್ಧ ಭಾಗವನ್ನು ಮಸಾಜ್ ಕುರ್ಚಿಯೊಂದು ಆಕ್ರಮಿಸಿತ್ತು. ಗುಂಡಿ ಒತ್ತಿದರೆ ಬೆನ್ನು ಗುದ್ದಿ, ಕಾಲು ಹಿಂಡಿ, ಕತ್ತು ಹಿಚುಕಿ ಬಿಡುವ ಕಪ್ಪನೆಯ ಭಾರೀ ಕುರ್ಚಿ. ಮಗಳು ಅದರ ಎದುರು ನಿಂತು ಯೋಚಿಸಿದಳು. ಸಾವಧಾನವಾಗಿ ಸುರುಳಿಯಿಂದ ಕೆಂಪು ಚೀಟಿ ಕಿತ್ತಳು.

“ತಾಳು ತಾಳು! ಅದು ಅಗತ್ಯ! ಅಪ್ಪನ ಬೆನ್ನು ನೋಡಿದೀಯಲ್ಲ?”

“ಅಮ್ಮಂಗೂ ಬೆನ್ನಿದೆಯಲ್ಲಪ್ಪ?” ಎಂದಳು ಮಗಳು. “ಅವಳು ಸ್ಟೂಲ್ ಮೇಲೆ ಕೂತೂ ಬದುಕಿದಾಳಲ್ಲ?”

ಹೊಲಿಗೆಯಂತ್ರ ಆಗ ಮೊದಲ ಸಲ ನಿಂತಿತು. ಸುತ್ತೋಲೆಯವರು ಹೆಂಡತಿಯ ಕಡೆ ನೋಡಿದರು. ಅವಳು ಸೂಜಿಗೆ ದಾರ ಪೋಣಿಸುವುದರಲ್ಲಿ ವಿಪರೀತ ಮಗ್ನಳಾಗಿದ್ದಳು. ಯಂತ್ರ ಮತ್ತೆ ಶುರುವಾಯಿತು.

ಆಮೇಲಿನದು ಹತ್ಯಾಕಾಂಡ. ಅಪ್ಪನ ಏಳು ಜೊತೆ ಬೂಟುಗಳಲ್ಲಿ ಆರು ಜೊತೆ ಕೆಂಪು. ಕೂದಲಿಗೆ ಹಚ್ಚುವ ಬಣ್ಣದ ಬಾಟಲಿ ಕೆಂಪು. ಪ್ರಬಂಧ ಸ್ಪರ್ಧೆಯಲ್ಲಿ ಬಂದ ಸಮಾಧಾನಕರ ಬಹುಮಾನದ ಟ್ರೋಫಿ ಕೆಂಪು. ತಬ್ಬಿಕೊಂಡು ಮಲಗುವ ಎರಡನೇ ದಿಂಬು ಕೆಂಪು. ವ್ಯಾಯಾಮದ ಸೈಕಲ್ಲಿಗೂ ಕೆಂಪು ಬೀಳುವುದರಲ್ಲಿತ್ತು. ಅಷ್ಟರಲ್ಲಿ ಮಗ, “ಅದು ಟವೆಲ್ ಒಣಗಿಸೋದು, ಅಗತ್ಯ,” ಎಂದು ಹಸಿರು ಹಚ್ಚಿದ. ಮೀನಿನ ತೊಟ್ಟಿಯ ವಿಷಯದಲ್ಲಿ ಅಕ್ಕತಮ್ಮಂದಿರಿಗೆ ಭಿನ್ನಾಭಿಪ್ರಾಯ ಬಂತು. ಮೀನಿಗೆ ಅಗತ್ಯ, ಅಪ್ಪನಿಗೆ ಆಸೆ ಎಂದು ಎರಡೂ ಬಣ್ಣ ಹಚ್ಚಿ, ಅರ್ಧ ಒಳಗೆ ಅರ್ಧ ಆಚೆ ಇರುವಂತೆ ಹೊಸ್ತಿಲ ಮೇಲೆ ಇಡುವುದೆಂದು ರಾಜಿಯಾಯಿತು.

ಗೊಂಬೆ, ಚೆಂಡು, ಮೂರು ಚಕ್ರದ ಲಾರಿಗಳೆಲ್ಲ ಸಾರಾಸಗಟಾಗಿ ಹಸಿರಾಗಿದ್ದನ್ನು ಕಂಡು ಸುತ್ತೋಲೆಯವರು ಗುಡುಗಿದರು. “ಗೊಂಬೆ ಹೇಗೆ ಅಗತ್ಯ ಆಗುತ್ತೆ?”

“ಗೊಂಬೆ ಇಲ್ಲದಿದ್ರೆ ನಂಗೆ ನಿದ್ದೆ ಬರಲ್ಲ. ನಿದ್ದೆ ಇಲ್ಲದಿದ್ರೆ ಜನ ಸತ್ತು ಹೋಗ್ತಾರಂತೆ, ಮೇಲಿನ ಮನೆ ನರ್ಸಜ್ಜಿ ಹೇಳಿದ್ರು. ನಾನು ಸಾಯಲಾ ಅಪ್ಪಾ?”

ಸುತ್ತೋಲೆಯವರು ಕಲಂಗಳನ್ನೆಲ್ಲ ಇನ್ನೊಮ್ಮೆ ಓದಿ, ಗೊಂಬೆಯನ್ನು ಅದರ ಜಾಗದಲ್ಲೇ ಇಟ್ಟರು.

ಕೊನೆಗೆ ಮಗಳು ಅಮ್ಮನ ಕಪಾಟನ್ನೆಲ್ಲ ಜಾಲಾಡಿ, ಕೆಂಪು ಚೀಟಿಯನ್ನು ಬೆರಳ ತುದಿಗೆ ಅಂಟಿಸಿಕೊಂಡೇ ವಾಪಸು ಬಂದಳು. “ಅಮ್ಮಾ, ನಿನ್ನ ಹತ್ರ ಆಸೆ ಒಂದೂ ಇಲ್ವಾ?”

“ಹುಡುಕಿ ನೋಡು. ಸಿಕ್ಕಿದ್ರೆ ನಂಗೂ ಹೇಳು,” ಎಂದಳು ಹೆಂಡತಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

ಮಾರನೆಯ ದಿನ ಕಾರಿಡಾರಿನಲ್ಲಿ ಮಸಾಜ್ ಕುರ್ಚಿ, ಅದರ ಮೇಲೆ ದಿಂಬು, ದಿಂಬಿನ ಮೇಲೆ ಟ್ರೋಫಿ, ಕೆಳಗೆ ಆರು ಜೊತೆ ಬೂಟು. ಮೂರನೇ ಮಹಡಿಯ ನಿವೃತ್ತ ನರ್ಸಮ್ಮ ಹಾಲಿನ ಪ್ಯಾಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದವರು ಅಲ್ಲೇ ನಿಂತುಬಿಟ್ಟರು. ಮೂವತ್ತೈದು ವರ್ಷ ವಾರ್ಡುಗಳಲ್ಲಿ ಓಡಾಡಿದ ಹೆಂಗಸು. ಹೊದಿಕೆ ಸರಿಸದೆಯೇ ಕಾಯಿಲೆ ಹೇಳಬಲ್ಲೆ ಎಂಬ ನಂಬಿಕೆ ಅವರಿಗಿತ್ತು. ಅದು ತಪ್ಪಾದಾಗಲೂ ನಂಬಿಕೆ ಕದಲಿದ್ದಿಲ್ಲ.

“ಏನಮ್ಮಾ ಇದು?” ಎಂದರು ಬಾಗಿಲಲ್ಲಿದ್ದ ಮಗಳಿಗೆ.

“ಕೆಂಪು ಚೀಟಿದೆಲ್ಲ ಅಪ್ಪಂದು, ನರ್ಸಜ್ಜಿ. ಹಸಿರು ಅಮ್ಮಂದು, ನಮ್ಮದು. ಕೆಂಪು ಆಚೆ ಹೋಗ್ಬೇಕು.”

ನರ್ಸಮ್ಮ ಎದೆ ಹಿಡಿದುಕೊಂಡು ಒಳಗೆ ಬಂದು, ದನಿ ತಗ್ಗಿಸಿ ಹೆಂಡತಿಯನ್ನು ಕೇಳಿದರು. “ತೀರ್ಮಾನ ಮಾಡ್ಬಿಟ್ರಾ?”

“ಹೂಂ ಅಮ್ಮ,” ಎಂದಳು ಹೆಂಡತಿ, ನಡುಮನೆಯ ಖಾಲಿ ಜಾಗದತ್ತ ಕಣ್ಣರಳಿಸಿ ನೋಡುತ್ತ. “ಎಷ್ಟು ವರ್ಷದಿಂದ ಅಡ್ಡ ಬಿದ್ಕೊಂಡಿತ್ತು! ಈಗ ನೋಡಿ, ಉಸಿರಾಡೋಕೆ ಜಾಗ ಆಯ್ತು.”

“ಬಿದ್ಕೊಂಡಿತ್ತು!” ಎಂದರು ನರ್ಸಮ್ಮ. ಕಟ್ಟಿಕೊಂಡ ಗಂಡನ ಬಗ್ಗೆ ಹೀಗೆ ಮಾತಾಡುವಷ್ಟರ ಮಟ್ಟಿಗೆ ಹೋಗಿದೆಯೆಂದರೆ ಕಾಯಿಲೆ ಕೊನೆಯ ಹಂತ. ಅವರು ನೇರ ಮೆಟ್ಟಿಲಿಳಿದು, ಕಚೇರಿಗೆ ಹೊರಟಿದ್ದ ಸುತ್ತೋಲೆಯವರನ್ನು ಗೇಟಿನ ಹತ್ತಿರ ಅಡ್ಡಗಟ್ಟಿದರು.

“ಏನಪ್ಪಾ, ಇನ್ನೊಂದು ಸಲ ಯೋಚನೆ ಮಾಡಬಾರದಾ?”

“ಯೋಚನೆ ಮಾಡೇ ಮಾಡಿದ್ದು, ಅಮ್ಮ. ಇಲ್ಲದೆ ಬದುಕಬಹುದು ಅಂತ ಗೊತ್ತಾದ ಮೇಲೂ ಯಾಕೆ ಇಟ್ಕೊಂಡಿರಬೇಕು ಹೇಳಿ?”

“ಅಯ್ಯೋ! ಮಕ್ಕಳ ಗತಿ?”

“ಮಕ್ಕಳಿಗೋಸ್ಕರಾನೇ ಇದೆಲ್ಲ!”

“ಅವಕ್ಕೆ ಗೊತ್ತಾ?”

“ಗೊತ್ತಾ ಅಂದ್ರೆ? ಚೀಟಿ ಅಂಟಿಸಿದ್ದೇ ಅವರು!” ಎಂದು ನಕ್ಕು, “ನೀವು ಇಷ್ಟು ಆಸಕ್ತಿ ತೋರಿಸಿದ್ದು ಸಂತೋಷ. ಭಾನುವಾರ ಸಾಹೇಬರೇ ನೋಡೋಕೆ ಬರ್ತಾರೆ,” ಎಂದು ಸುತ್ತೋಲೆಯವರು ಸ್ಕೂಟರ್ ಹತ್ತಿ ಹೋದರು.

ಆ ದಿನ ಮಧ್ಯಾಹ್ನದೊಳಗೆ ಮೂರು ಮಹಡಿಗಳಿಗೂ ಸುದ್ದಿ ಮುಟ್ಟಿತು. ಸಂಜೆ ನೆಲಮಹಡಿಯ ವಕೀಲರು, ನಾಲ್ಕು ವರ್ಷದಲ್ಲಿ ಒಮ್ಮೆಯೂ ಮಾತಾಡಿಸದಿದ್ದವರು, ಸುತ್ತೋಲೆಯವರ ಭುಜ ತಟ್ಟಿ ತಮ್ಮ ಕಾರ್ಡು ಕೊಟ್ಟರು. “ಪಾಲು ಮಾಡೋದನ್ನ ನೀವೇ ಇಷ್ಟು ನೀಟಾಗಿ ಮಾಡಿಟ್ಟಿದೀರಿ, ನನ್ನ ಕೆಲಸ ಹಗುರ ಆಯ್ತು.” ಬಾಡಿಗೆ ಮನೆಯ ದಲ್ಲಾಳಿಯೊಬ್ಬ ಮೆಟ್ಟಿಲ ಮೇಲೆ ಸಿಕ್ಕಿ, “ಒಂದೇ ರೂಮು ಸಾರ್, ಒಬ್ಬರಿಗೆ ಬೇಕಾದಷ್ಟಾಯ್ತು. ಆ ಕುರ್ಚಿ ಇಟ್ಟರೆ ನಿಲ್ಲೋಕೆ ಜಾಗ ಇರಲ್ಲ ಅಷ್ಟೇ,” ಎಂದ. ಪದ್ಧತಿಯ ಕೀರ್ತಿ ಇಷ್ಟು ಬೇಗ ಹಬ್ಬುತ್ತದೆಂದು ಸುತ್ತೋಲೆಯವರು ಎಣಿಸಿರಲಿಲ್ಲ. ಕುರ್ಚಿಗೆಂದೇ ಒಂದು ರೂಮು ತೋರಿಸುತ್ತಾರಲ್ಲ, ಜನ ಎಷ್ಟು ಒಳ್ಳೆಯವರು ಎಂದುಕೊಂಡರು. ಅತ್ತ ಹೆಂಡತಿಗೆ ಅಕ್ಕಪಕ್ಕದ ಮನೆಗಳಿಂದ ಡಬ್ಬಿ ಡಬ್ಬಿ ಊಟ ಬಂತು. ನಾಲ್ಕು ದಿನ ಒಲೆ ಹಚ್ಚುವ ಕೆಲಸವಿಲ್ಲದೆ ಅವಳು ಬಾಕಿ ಉಳಿದಿದ್ದ ಯೂನಿಫಾರಂಗಳನ್ನೆಲ್ಲ ಮುಗಿಸಿದಳು. ಯಾಕೆ ಕೊಟ್ಟಿರಿ ಎಂದು ಅವಳೂ ಕೇಳಲಿಲ್ಲ. ಬರುವ ಊಟವನ್ನು ಪ್ರಶ್ನಿಸುವಷ್ಟು ಪುರುಸೊತ್ತು ಅವಳಿಗೆ ಯಾವತ್ತೂ ಇದ್ದದ್ದಿಲ್ಲ.

ನರ್ಸಮ್ಮನಿಗೆ ಇಷ್ಟಕ್ಕೇ ಸಮಾಧಾನವಾಗಲಿಲ್ಲ. ಹಿಂದೊಮ್ಮೆ ಹೆಂಡತಿಯ ತಾಯಿಗೆ ಇಂಜೆಕ್ಷನ್ ಚುಚ್ಚಿದ್ದರಿಂದ ಅವರ ಫೋನ್ ನಂಬರು ಇವರಲ್ಲಿತ್ತು. ಶನಿವಾರ ಫೋನು ಹೋಯಿತು.

ಭಾನುವಾರ ಹನ್ನೊಂದಕ್ಕೆ ಸಾಹೇಬರೂ ಅವರ ಪತ್ನಿಯೂ ಬಂದು, ಕಾರಿಡಾರಿನ ರಾಶಿಯನ್ನು ವಸ್ತುಪ್ರದರ್ಶನದಂತೆ ನೋಡಿ ಮೆಚ್ಚಿ, ಒಳಗೆ ಕೂತರು. ಸುತ್ತೋಲೆಯವರು ಕಲಂ ಒಂದನ್ನು ಓದಲು ಕೆಮ್ಮಿ ಗಂಟಲು ಸರಿಮಾಡಿಕೊಂಡರಷ್ಟೆ, ಬಾಗಿಲಲ್ಲಿ ಮಾವ ಕಾಣಿಸಿಕೊಂಡರು, ಹಿಂದೆಯೇ ಸೂಟ್‌ಕೇಸಿನೊಂದಿಗೆ ಅತ್ತೆ. ಇಬ್ಬರನ್ನೂ ಒಳಕ್ಕೆ ದಬ್ಬಿ, “ನಂಗೆ ನೋಡೋಕಾಗಲ್ಲಪ್ಪಾ,” ಎಂದು ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ ನರ್ಸಮ್ಮ ಮೇಲಕ್ಕೆ ಹೋದರು.

ಮಾವ ನಿವೃತ್ತ ಬಸ್ ಕಂಡಕ್ಟರು. ಯಾವ ಮನೆಗೆ ಹೋದರೂ ತುಂಬಿದ ಬಸ್ಸಿಗೆ ಹತ್ತಿದವರಂತೆಯೇ ಮಾತು. “ಯಾರೂ ಅಲ್ಲಾಡಬೇಡಿ! ಒಬ್ಬೊಬ್ಬರಾಗಿ ಹೇಳಿ! ಅಳಿಯಂದಿರೇ, ನೀವು ಮುಂದೆ ಬನ್ನಿ. ಏನಿದು? ನಮಗೊಂದು ಮಾತು ಹೇಳಬೇಕು ಅನ್ನಿಸಲಿಲ್ವಾ?”

“ನಿಮ್ಮ ತನಕ ಬಂತಾ ವಿಷಯ!” ಎಂದು ಸುತ್ತೋಲೆಯವರು ಅರಳಿದರು. “ಹೇಳೋಣ ಅಂತಲೇ ಇದ್ದೆ ಮಾವ. ಮೊದಲು ನಮ್ಮಲ್ಲಿ ಒಂದು ವಾರ ಮಾಡಿ ನೋಡೋಣ, ಆಮೇಲೆ ನಿಮಗೂ ಅತ್ತೆಗೂ ಮಾಡಿಸೋಣ ಅಂತ.”

ಅತ್ತೆ ಸೂಟ್‌ಕೇಸಿನ ಮೇಲೆಯೇ ಕುಸಿದು ಕೂತರು.

“ಇವರ್ಯಾರು, ನಿಮ್ಮ ವಕೀಲರಾ?” ಎಂದು ಮಾವ ಸಾಹೇಬರತ್ತ ತಿರುಗಿದರು.

“ನಾನು ಇವರ ಸಾಹೇಬ. ನೋಡೋಣ ಅಂತಲೇ ಬಂದೆ,” ಎಂದರು ಸಾಹೇಬರು ಪ್ರಸನ್ನರಾಗಿ. “ತುಂಬಾ ಒಳ್ಳೆ ಕೆಲಸ ಮಾಡಿದಾರೆ ನಿಮ್ಮ ಅಳಿಯ. ಇದು ಎಲ್ಲ ಮನೇಲೂ ಆಗಬೇಕು. ನಾನೂ ಇವಳೂ ಬರೋ ವಾರವೇ ಶುರು ಮಾಡೋಣ ಅಂತಿದೀವಿ.”

“ಈ ವಯಸ್ಸಲ್ಲಾ?” ಎಂದರು ಅತ್ತೆ ಕ್ಷೀಣ ಸ್ವರದಲ್ಲಿ.

“ವಯಸ್ಸಿಗೇನು ಬಂತು?” ಎಂದರು ಸಾಹೇಬರ ಪತ್ನಿ. “ದೊಡ್ಡವರು ಮಾಡಿದ್ದನ್ನ ನೋಡಿಯೇ ಅಲ್ವಾ ಮೊಮ್ಮಕ್ಕಳು ಕಲಿಯೋದು?”

ಮಾವನಿಗೆ ಸಿಟ್ಟು ನೆತ್ತಿಗೇರಿತು. “ನಿಮಗೆಲ್ಲ ತಲೆ ನೆಟ್ಟಗಿದೆಯಾ? ಮದುವೆ ಅಂದ್ರೇನು ಬಸ್ಸಾ, ಬೇಕಾದ ಸ್ಟಾಪಿನಲ್ಲಿ ಇಳಿದು ಹೋಗೋಕೆ? ಮಗಳೇ, ಎಲ್ಲಿದೀಯಮ್ಮಾ? ಬಾ, ಮನೆಗೆ ಹೋಗೋಣ!”

ಹೆಂಡತಿ ಚಹಾದ ಟ್ರೇ ಹಿಡಿದು ಅಡುಗೆಮನೆಯಿಂದ ಬಂದಳು. ಅಪ್ಪನ ಮುಖ ನೋಡಿದಳು, ಅಮ್ಮನ ಸೂಟ್‌ಕೇಸು ನೋಡಿದಳು. ಗಂಡ ಬೀಗುತ್ತ ಹೇಳಿದ್ದ ವಕೀಲರ ಕಾರ್ಡು, ದಲ್ಲಾಳಿಯ ರೂಮು, ನಾಲ್ಕು ದಿನದ ಊಟದ ಡಬ್ಬಿಗಳು ಎಲ್ಲವೂ ಒಟ್ಟಿಗೆ ಅವಳ ತಲೆಯಲ್ಲಿ ಬೆಳಗಿದವು. ಟ್ರೇಯನ್ನು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ ನಕ್ಕಳು. ನಗು ನಿಲ್ಲಿಸಿ ವಿಷಯ ಹೇಳಲು ಎರಡು ಸಲ ಪ್ರಯತ್ನಿಸಿ ಸೋತು, ಮೂರನೆಯ ಸಲಕ್ಕೆ ಹೇಳಿ ಮುಗಿಸಿದಳು.

ಅತ್ತೆ ನಿಟ್ಟುಸಿರು ಬಿಟ್ಟು ಚಹಾ ತೆಗೆದುಕೊಂಡರು. ಮಾವ ಮಾತ್ರ ಪೆಚ್ಚಾದರು. ಮುಂಜಾನೆ ಎದ್ದು ಎರಡು ಬಸ್ಸು ಬದಲಾಯಿಸಿ ಬಂದ ಸಿಟ್ಟನ್ನು ಎಲ್ಲಾದರೂ ಇಳಿಸಬೇಕಿತ್ತು. “ಅದೇನೋ ಕೆಂಪು, ಹಸಿರು ಅಂತೀರಲ್ಲ,” ಎಂದರು ಮೊಮ್ಮಗಳತ್ತ ಬಗ್ಗಿ. “ಹಾಗಾದ್ರೆ ನಿಮ್ಮಪ್ಪ ಯಾವ ಬಣ್ಣ ಪುಟ್ಟೀ?”

“ಮನುಷ್ಯರಿಗೆ ಅಂಟಿಸೋ ಹಾಗಿಲ್ಲ ಮಾವ,” ಎಂದು ಸುತ್ತೋಲೆಯವರು ನಗಲು ನೋಡಿದರು.

“ಎಲ್ಲಿದೆ ಆ ನಿಯಮ?” ಸಾಹೇಬರು ಗೋಡೆಯ ಮೇಲಿದ್ದ ಸುತ್ತೋಲೆಯನ್ನು ಕನ್ನಡಕ ಹಾಕಿಕೊಂಡು ಓದಿದರು. “ಇಲ್ಲಿ ಬರೆದಿಲ್ವಲ್ರೀ.”

ಮಗಳು ಅಪ್ಪನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಸುತ್ತೋಲೆಯವರು ಒಂದು ಹೆಜ್ಜೆ ಮುಂದೆ ಬಂದು, ಮುಖದ ತುಂಬ ಮಮತೆ ತಂದುಕೊಂಡು, ಹಸಿರಿಗಾಗಿ ಎದೆಯೊಡ್ಡಿ ನಿಂತರು.

“ಕೆಂಪು,” ಎಂದಳು ಮಗಳು.

“ಯಾಕೆ ಕಂದಾ?” ಸುತ್ತೋಲೆಯವರ ಧ್ವನಿ ಮೀಟರಿನ ಫ್ಯೂಸ್ ಹೋದಂತೆ ಕೇಳಿಸಿತು.

“ನೀನು ತರಬೇತಿಗೆ ಅಂತ ಎಂಟು ದಿನ ಬೇರೆ ಊರಿಗೆ ಹೋಗಿದ್ದೆಯಲ್ಲಪ್ಪ, ಆಗ ನಾವೆಲ್ಲ ಬದುಕಿದ್ವಿ. ಯಾರೂ ಸಾಯಲಿಲ್ಲ. ಅಮ್ಮ ಸಂಜೆ ಹೊತ್ತು ನಮ್ಮ ಜೊತೆ ಚೆಂಡಾಟ ಆಡಿದ್ಲು,” ಎಂದು ಅವಳು ಪುರಾವೆ ಸಮೇತ ವಿವರಿಸಿ, ಚೀಟಿಯನ್ನು ಅಪ್ಪನ ಅಂಗಿಗೆ ಒತ್ತಿ ಅಂಟಿಸಿದಳು.

ಮಗನಿಗೆ ಕಲಂ ಐದು ಬಾಯಿಪಾಠವಾಗಿತ್ತು. ಬಂದು ಅಪ್ಪನ ಬೆರಳು ಹಿಡಿದ. “ಬಾ ಅಪ್ಪ. ಆಚೆ.”

ಸುತ್ತೋಲೆಯವರು ಹೆಂಡತಿಯ ಕಡೆ ನೋಡಿದರು. ಈಗಲಾದರೂ ಅವಳು ಒಂದು ಮಾತು ಆಡಬಹುದಿತ್ತು. ಅವಳು ಚಹಾ ಲೋಟಗಳನ್ನು ಎಣಿಸಿ, ಒಂದನ್ನು ಅವರ ಕೈಗೆ ಕೊಟ್ಟಳು. “ತಗೊಂಡು ಹೋಗಿ ರೀ. ಅಲ್ಲಿ ಕುಡೀರಿ.” ಒಂದು ಸುತ್ತೋಲೆಯನ್ನೂ ಮೀರದ ಮನುಷ್ಯ, ತನ್ನದನ್ನೇ ಹೇಗೆ ಮೀರಿಯಾರು? ಹೋದರು.

ಕಾರಿಡಾರಿನಲ್ಲಿ ಬೂಟುಗಳ ನಡುವೆ ನಿಂತು ಅವರು ಚಹಾ ಕುಡಿಯುತ್ತಿರುವಾಗ ಒಳಗಿನಿಂದ ಸಾಹೇಬರ ಸ್ವರ ಏರಿತು. “ಇದೇನ್ರೀ ಇದು! ಸುರುಳಿ ಮೇಲೆ ಇಲಾಖೆ ಮುದ್ರೆ! ಇವು ನಮ್ಮ ಆಫೀಸಿನ ಚೀಟಿಗಳು! ಸರ್ಕಾರಿ ಸಾಮಾನನ್ನ ಮನೆಗೆ ತರೋದಾ?” ಸುತ್ತೋಲೆಯವರಿಗೆ ಬಡ್ತಿಯ ಕಡತ ಕಣ್ಣ ಮುಂದೆಯೇ ಮುಚ್ಚಿಕೊಂಡಂತಾಯಿತು.

“ನೀವು ಕೂಗಾಡಬೇಡಿ,” ಎಂಬ ಸಾಹೇಬರ ಪತ್ನಿಯ ಸ್ವರ ಕೇಳಿತು. “ನಮ್ಮ ಬಚ್ಚಲಮನೆ ಬಕೆಟ್ಟಿನ ಮೇಲೆ ಇಲಾಖೆ ಹೆಸರೇ ಇದೆ. ಬೇಸಿಗೇಲಿ ನಿಮ್ಮ ಮುಖಕ್ಕೆ ಗಾಳಿ ಬೀಸೋ ಫ್ಯಾನು ಎಲ್ಲಿಂದ ಬಂತು, ಹೇಳಲಾ? ಪುಟ್ಟೀ, ಆ ಕೆಂಪು ಸುರುಳಿ ಸ್ವಲ್ಪ ಕೊಡಮ್ಮ ಇಲ್ಲಿ.”

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಕೋಟಿನ ಜೇಬಿನ ಮೇಲೆ ಕೆಂಪು ಚೀಟಿಯೊಂದಿಗೆ ಸಾಹೇಬರು ಹೊರಬಂದು, ಎಲ್ಲೂ ನೋಡದವರಂತೆ ನಿಂತರು. ಅವರ ಹಿಂದೆಯೇ ಒಳಗೆ ಅತ್ತೆಯ ಸ್ವರ, “ನಲವತ್ತು ವರ್ಷದಿಂದ ಮುಂದೆ ಹೋಗು, ಹಿಂದೆ ಸರಿ ಅಂತ ಅನ್ನಿಸಿಕೊಂಡಿದೀನಿ. ನಂಗೂ ಒಂದು ಕೊಡಿ ಮೇಡಂ,” ಎಂದಿತು. ಮಾವನೂ ಬಂದರು. ಬಾಗಿಲು ಮುಚ್ಚಿಕೊಂಡಿತು. ಒಳಗೆ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಚೆಂಡು ಗೋಡೆಗೆ ಬಡಿದ ಸದ್ದು ಕೇಳಿತು.

“ಎಷ್ಟು ದಿನ ಇದು?” ಎಂದರು ಸಾಹೇಬರು.

“ಒಂದು ವಾರ ಸಾರ್. ಕಲಂ ಐದು.”

“ತಿದ್ದುಪಡಿ ಮಾಡೋಕೆ ಬರಲ್ವಾ?”

“ಸುತ್ತೋಲೆ ಒಳಗಿದೆ ಸಾರ್.”

ಮೂವರ ಕಣ್ಣೂ ಒಟ್ಟಿಗೆ ಮಸಾಜ್ ಕುರ್ಚಿಯ ಮೇಲೆ ಬಿತ್ತು. ಒಂದೇ ಕುರ್ಚಿ.

“ನಂಗೆ ಸೊಂಟ ನೋವು,” ಎಂದು ಸಾಹೇಬರು ಒಂದು ಹೆಜ್ಜೆ ಇಟ್ಟರು. “ಡಾಕ್ಟರು ನಿಲ್ಲಲೇಬಾರದು ಅಂದಿದಾರೆ.”

“ಮೂವತ್ತು ವರ್ಷ ಬಸ್ಸಲ್ಲಿ ನಿಂತೇ ಇದ್ದವನು ನಾನು, ಮಂಡಿ ಸವೆದು ಹೋಗಿದೆ. ಸರೀರಿ,” ಎಂದರು ಮಾವ.

“ಕುರ್ಚಿ ನನ್ನದು ಮಾವ! ಇದಿಲ್ಲದೆ ನನ್ನ ಬೆನ್ನು...”

ಒಬ್ಬರು ಕೈ ಹಿಡಿಕೆ ಹಿಡಿದರು, ಇನ್ನೊಬ್ಬರು ಬೆನ್ನಿನ ಭಾಗ ಹಿಡಿದರು, ಮತ್ತೊಬ್ಬರು ದಿಂಬು ಕಿತ್ತುಕೊಂಡರು. ಆಟದ ಸಾಮಾನಿನ ಅಂಗಡಿಯವನು ಅಲ್ಲಿದ್ದಿದ್ದರೆ ಇನ್ನೊಂದು ಕುರ್ಚಿ ತಂದು ತೋರಿಸುತ್ತಿದ್ದ. “ಅಗತ್ಯ! ಇದು ನಂಗೆ ಅಗತ್ಯ!” ಎಂದು ಮೂವರೂ ಏರುದನಿಯಲ್ಲಿ ಕೂಗುತ್ತಿರುವಾಗ ಮೇಲಿನ ಮೆಟ್ಟಿಲಲ್ಲಿ ಚಪ್ಪಲಿ ಸದ್ದಾಯಿತು.

ನರ್ಸಮ್ಮ ಕಟಕಟೆಯ ಮೇಲಿಂದ ಬಗ್ಗಿ ನೋಡಿದರು. ಬೂಟುಗಳ ರಾಶಿಯ ನಡುವೆ ಮೂವರು ಗಂಡಸರು, ಮೂವರ ಎದೆಯ ಮೇಲೂ ಕೆಂಪು ಚೀಟಿ.

“ಅಯ್ಯೋ ದೇವರೇ,” ಎಂದರು ಅವರು ಬಾಯಿಯ ಮೇಲೆ ಕೈಯಿಟ್ಟು, “ನಿಮ್ಮಿಬ್ಬರದ್ದೂ ಆಯ್ತಾ?”

ಉತ್ತರಕ್ಕೆ ಕಾಯದೆ, ಫೋನು ಮಾಡಲು ಮೇಲಕ್ಕೆ ಓಡಿದರು.